ಹ್ಯಾಂಡಲ್ ಹಿಡಿದ ಹೆಬ್ಬೆರಳು

ಜನವರಿ ಹನ್ನೆರಡು, ಸೋಮವಾರ ಬೆಳಿಗ್ಗೆ ೧೦.೨೦ಕ್ಕೆ ಕಾಳಿನ ವ್ಯಾಪಾರಿ ಕುಬೇರಪ್ಪ ಶಿಗ್ಗಾಂವ ಠಾಣೆಗೆ ದೂರು ತಂದರು. ಅವರ ದನಿಗೆ ಹೆದ್ದಾರಿಯ ಬಸ್ಸುಗಳೆಲ್ಲ ಬ್ರೇಕ್ ಹಾಕಿದವು ಎಂದರೆ ನಂಬಬೇಕು. ಈ ಸೀಮೆಗೆ ಮೊದಲ ಮೋಟಾರು ತಂದವನು ತಮ್ಮಜ್ಜ ಉಳಿವೆಪ್ಪ ಎಂದು ಅವರು ಹೇಳದ ದಿನ ಊರಲ್ಲಿ ಸೂರ್ಯ ಹುಟ್ಟಿದ್ದೇ ಇಲ್ಲ. ಅಜ್ಜ ಆ ಮೋಟಾರಿನ ಮುಂದೆ, ಅದನ್ನು ತಿರುವಿ ಚಾಲೂ ಮಾಡುವ ಹ್ಯಾಂಡಲ್ ಹಿಡಿದು ನಿಂತ ಫೋಟೊವನ್ನು ಹೋದ ವಾರ, ಹಾರ ಹಾಕಿಸಿಕೊಂಡು, ಕಾಲೇಜಿನ ಪ್ರದರ್ಶನಕ್ಕೆ ದಾನ ಕೊಟ್ಟಿದ್ದರು. ಈಗ ಕಾಲೇಜಿನ ಗೋಡೆಯಲ್ಲಿ ಮೊಳೆಯಷ್ಟೇ ಉಳಿದಿತ್ತು.

"ಯಾರ ಮ್ಯಾಲೆ ಸಂಶಯ?" ಇನ್‌ಸ್ಪೆಕ್ಟರ್ ಮೈಲಾರಲಿಂಗ ಕೇಳಿದರು.

"ಕಸಾ ಹೊಡಿಯೋ ಇರಮ. ಕೀಲಿ ಆಕಿ ಕೈಯಾಗ ಇರ್ತಾವ್ರಿ."

೧೦.೫೦ಕ್ಕೆ ಎಫ್‌ಐಆರ್ ಆಯಿತು. ಸಂಜೆಯೊಳಗೆ ಫೋಟೊ ಸಿಗದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಕಾಲೇಜಿನವರು ಇರಮಳಿಗೆ ಹೇಳಿಬಿಟ್ಟರು.

ಮೈಲಾರಲಿಂಗರಂಥ ಇನ್‌ಸ್ಪೆಕ್ಟರ್ ಏಷ್ಯಾ ಖಂಡದಲ್ಲೇ ಇಲ್ಲ. ನೊಣದ ಮೀಸೆ ನೋಡಿ ಅದರ ಊರು ಹೇಳುವವರು. ಆದರೂ ೧೧.೩೦ರ ಸ್ಥಳ ಪಂಚನಾಮೆಯಲ್ಲಿ ಅವರಿಗೆ ಸಿಕ್ಕದ್ದು ಮೊಳೆ, ಧೂಳು ಮತ್ತು ಅಳುತ್ತಿದ್ದ ಇರಮ.

"ಕೀಲಿ ಕಿಟಕ್ಯಾಗ ಇಡ್ತೇನ್ರಿ. ಎಲ್ಲಾರಿಗೂ ಗೊತ್ತೈತಿ."

ಇತಿಹಾಸ ಕಲಿಸುವ ವಿದ್ಯಾ ಮೊಬೈಲಿನಲ್ಲಿ ಆ ಫೋಟೊದ ಪ್ರತಿ ತೋರಿಸಿದರು. "ದೀಪ ಹಿತ್ತಾಳೀವು, ಗಾಲಿಗೆ ಕಟ್ಟಿಗಿ ಅರ. ೧೯೧೫ರ ಆಜೂಬಾಜೂ ಇರಬೇಕ್ರಿ. ಹಿಂದಿನ ಸೀಟಿನ ಮ್ಯಾಲೆ ಮಾತ್ರ ಯಾರೋ ಕರೀ ಕಾಗದ ಹಚ್ಚ್ಯಾರ. ಇವತ್ತ ಕಟ್ಟು ಬಿಚ್ಚಿ ನೋಡೂಣು ಅಂತಿದ್ದೆ."

"ಯಾರಿಗೆ ಹೇಳಿದ್ರಿ?"

"ಕುಬೇರಪ್ಪನವರಿಗೆ ಒಬ್ರಿಗೇ. ಕೊಟ್ಟವರು ಅವರಽ ಅಲ್ರಿ?"

ಹುಲಗೂರಿನ ಮೆಕ್ಯಾನಿಕ್ಕನ ಮಗ, ಪೇದೆ ಜಮಾಲಸಾಬ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದ.

"ಸಾಹೇಬ್ರ, ಈ ಹೆಬ್ಬಟ್ಟು ನೋಡ್ರಿ. ಹ್ಯಾಂಡಲಿಗೆ ಸುತ್ತಿಲ್ಲ, ಉಳಿದ ಬಟ್ಟುಗಳ ಬಾಜೂಕ ಇಟ್ಟಾನ. ಇಂಜಿನ್ ತಿರುಗಿ ಒದ್ರ ಸುತ್ತಿದ ಹೆಬ್ಬಟ್ಟು ಮುರಿತೈತಿ. ದಿನಾ ತಿರುವಾಂವಗಷ್ಟ ಇದು ಗೊತ್ತು. ಮೋಟಾರಿನ ಸಾವಕಾರ ಹ್ಯಾಂಡಲ್ ಯಾಕ ಮುಟ್ಟತಾನ್ರಿ?"

"ನಾ ಆಗಽ ನೋಡೇನಿ," ಎಂದರು ಮೈಲಾರಲಿಂಗ. ನೋಡಿರಲಿಲ್ಲ.

೩.೧೫ಕ್ಕೆ ಅವರು ಜಮಾಲಸಾಬನನ್ನೂ ಇರಮಳನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಕುಬೇರಪ್ಪನ ಗೋದಾಮಿಗೆ ಹೋದರು. ಮೂಲೆಯಲ್ಲಿ ಹಳೆಯ ಡೀಸೆಲ್ ಇಂಜಿನ್ ಇತ್ತು.

"ಇದು ಚಾಲೂ ಆಗತೈತೇನ್ರಿ?" ಮೈಲಾರಲಿಂಗ ಕೇಳಿದರು.

"ಅರವತ್ತೆಂಟಾದ್ರೂ ಒಂದಽ ಏಟಿಗೆ ಎಬ್ಬಸ್ತೇನಿ!" ಕುಬೇರಪ್ಪ ಧೋತರ ಎತ್ತಿಕಟ್ಟಿ ಹ್ಯಾಂಡಲ್ ಹಿಡಿದರು. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕಕ್ಕೆ ತಾನಾಗಿಯೇ ಹೋಗಿ ಕೂತಿತು.

"ಹಂಗ ಹಿಡಿಯಾಕ ಯಾರು ಕಲಿಸಿದ್ರು?"

"ನಮ್ಮಪ್ಪ."

"ಅಪ್ಪಗ?"

ಬಸ್ಸು ನಿಲ್ಲಿಸಿದ ದನಿ "ನಮ್ಮಜ್ಜ" ಎಂದು ಪಿಸುಗುಟ್ಟಿತು. ಕುಬೇರಪ್ಪ ಜೋಳದ ಚೀಲಗಳ ಹಿಂದೆ ಹೋಗಿ ಫೋಟೊ ತಂದಿಟ್ಟರು.

ಕಟ್ಟು ಬಿಚ್ಚಿ ಕರಿ ಕಾಗದ ಸುಲಿದಾಗ ಹಿಂದಿನ ಸೀಟಿನಲ್ಲಿ ಜರಿ ರುಮಾಲಿನವರೊಬ್ಬರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಸವಣೂರಿನ ಸಾವಕಾರರು, ಎಂದರು ಕುಬೇರಪ್ಪ. ಜಮಾಲಸಾಬ ಪಂಚನಾಮೆ ಬರೆಯತೊಡಗಿದ.

"ನಿಂತವರ ಹೆಸರು?"

"ಉಳಿವೆಪ್ಪ."

"ಉದ್ಯೋಗ?"

ಕುಬೇರಪ್ಪ ನೆಲಕ್ಕೆ ಏನೋ ಹೇಳಿದರು.

"ಜೋರಾಗಿ ಹೇಳ್ರಿ. ಪಂಚರಿಗೆ ಕೇಳಬೇಕು."

"ಇವರ ಮೋಟಾರಿನ ಹ್ಯಾಂಡಲ್ ತಿರುವೋದು."

ಇರಮ ಬಗ್ಗಿ ಫೋಟೊ ನೋಡಿದಳು. "ಮಾರಿ ಥೇಟ್ ನಿಮ್ದಽ ಐತ್ರಿ, ಸಾವಕಾರ್ರ," ಎಂದಳು. ದನಿಯಲ್ಲಿ ಕುಟುಕು ಇರಲಿಲ್ಲ. ಕುಬೇರಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

೪.೧೦ಕ್ಕೆ ಬಂಧನವಾಯಿತು. ಹೇಳಿಕೆಯಲ್ಲಿ ಹೀಗಿದೆ: ಶಾಲೆಯಲ್ಲಿ ಹುಡುಗರು 'ಹ್ಯಾಂಡಲ್ ಉಳಿವ್ಯಾನ ಮೊಮ್ಮಗ' ಎಂದು ಕೂಗುತ್ತಿದ್ದರು. ಹತ್ತನೇ ವಯಸ್ಸಿನಲ್ಲಿ ಆ ಕರಿ ಕಾಗದ ನಾನೇ ಅಂಟಿಸಿದೆ. ಆಮೇಲೆ ಅದನ್ನು ತೆಗೆಯುವ ಧೈರ್ಯ ಬರಲಿಲ್ಲ.

"ಮತ್ತ ಇರಮನ ಹೆಸರು ಯಾಕ ಬರೆಸಿದ್ರಿ?"

"ಆಕಿ ಮಾತು ಯಾರು ಕೇಳ್ತಾರ ಅಂತ."

ಸಹಿ ಮಾಡುವಾಗ ಕುಬೇರಪ್ಪ ಇರಮನ ಬಗೆಗಿನ ಆ ಒಂದು ಸಾಲು ಹೊಡೆದುಹಾಕಲು ಕೈಮುಗಿದು ಕೇಳಿದರು. ಪಂಚನಾಮೆಯಲ್ಲಿದ್ದ ಅಜ್ಜನ ಉದ್ಯೋಗದ ಸಾಲಿನ ಬಗ್ಗೆ ಏನೂ ಅನ್ನಲಿಲ್ಲ.

ಮೈಲಾರಲಿಂಗ ಯಾವ ಸಾಲನ್ನೂ ಹೊಡೆಯಲಿಲ್ಲ.