ಒಂದು ಚೀಲ ಆರೋಗ್ಯ

ಗುಂಡು ಎಸೆಯುವ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಮೈದಾನದಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ‘ನಾಲ್ಕನೆಯಣ್ಣ’. ದೊಡ್ಡ ಕೂಟ ಯಾವುದೇ ಇರಲಿ, ಅವನು ಬರುತ್ತಿದ್ದುದು ನಾಲ್ಕನೆಯವನಾಗಿ. ಹತ್ತನೆಯವನಾದರೆ ಮನುಷ್ಯ ಮನೆಗೆ ಹೋಗಿ ಹಾಯಾಗಿ ಮಲಗಬಹುದು. ನಾಲ್ಕನೆಯವನಿಗೆ ಆ ಭಾಗ್ಯವೂ ಇಲ್ಲ. ಪದಕ ಕೊಡುವಾಗ ವೇದಿಕೆಯ ಪಕ್ಕದಲ್ಲೇ ನಿಂತು ಚಪ್ಪಾಳೆ ತಟ್ಟಬೇಕು. ತಟ್ಟಿ ತಟ್ಟಿ ಅವನಿಗೆ ಸಾಕಾಗಿಹೋಗಿತ್ತು.

ಅಷ್ಟರಲ್ಲಿ ಕ್ರೀಡಾ ಹಾಸ್ಟೆಲಿನಲ್ಲಿ ತರಬೇತುದಾರನ ಹುದ್ದೆ ಖಾಲಿಯಾಯಿತು. ರಾಷ್ಟ್ರಮಟ್ಟದ ಪದಕ ಇದ್ದವರಿಗೆ ಮಾತ್ರ ಎಂದರು. ಮೊಣಕಾಲು ಆಗಲೇ ಕಿರುಗುಟ್ಟುತ್ತಿದ್ದುದರಿಂದ ಈ ವರ್ಷದ ಕೂಟವೇ ಅವನಿಗೆ ಕೊನೆ. ಪದಕ ಸಿಕ್ಕರೆ ಜೀವಮಾನದ ನೌಕರಿ. ಸಿಗದಿದ್ದರೆ ಭಾವಮೈದನ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವ ಕೆಲಸ. ಭಾವಮೈದನಂತೂ ಒಂದು ಸ್ಟೂಲನ್ನೂ ತೆಗೆದಿರಿಸಿದ್ದ.

ಸ್ಟೀರಾಯ್ಡ್ ಸಂಪಾದಿಸುವುದು ಕಷ್ಟವಾಗಲಿಲ್ಲ. ಜಿಮ್ಮಿನ ಮಾಲೀಕ ಕಣ್ಣು ಮಿಟುಕಿಸಿ ಕೊಟ್ಟ. ಕೆಲವೇ ವಾರಗಳಲ್ಲಿ ಅಂಗಿಯ ತೋಳು ಬಿಗಿಯಾಯಿತು, ಗುಂಡು ಹಗುರವಾಯಿತು. ಕಷ್ಟವಿದ್ದದ್ದು ಸಿಕ್ಕಿಬೀಳದಿರುವುದರಲ್ಲಿ. ಉಳಿದವರೆಲ್ಲ ಪೆದ್ದರು, ಮೂತ್ರಪರೀಕ್ಷೆಗೆ ಮುಂಚೆ ಕೊಡಗಟ್ಟಲೆ ನೀರು ಕುಡಿದು ದೇವರ ಮೇಲೆ ಭಾರ ಹಾಕುತ್ತಾರೆ. ಇವನು ಹಾಗಲ್ಲ. ನಿಯಮದ ಪುಸ್ತಕವನ್ನು ಅರೆದು ಕುಡಿದ. ನಿಷೇಧಿತ ಔಷಧಗಳ ಪಟ್ಟಿಯಂತೂ ಬಾಯಿಪಾಠವಾಯಿತು. ಶಾಲೆಯಲ್ಲಿ ಇಷ್ಟು ಓದಿದ್ದರೆ ಗುಂಡು ಎಸೆಯುವ ಗತಿಯೇ ಬರುತ್ತಿರಲಿಲ್ಲ.

ಓದಿದ ಮೇಲೆ ಅವನಿಗೆ ಒಂದು ಸತ್ಯ ಹೊಳೆಯಿತು. ಲ್ಯಾಬಿನವರಿಗೆ ಮೋಸ ಮಾಡಲು ಯಾರಪ್ಪನಿಂದಲೂ ಆಗದು. ಆದರೆ ಲ್ಯಾಬಿಗೆ ಹೋಗುವುದು ಮೂತ್ರ, ಮನುಷ್ಯನಲ್ಲ. ಹಾಗಾದರೆ ಬೇಕಾಗಿದ್ದು ಇನ್ನೊಬ್ಬರ ಶುದ್ಧ ಮೂತ್ರ, ಹೊಟ್ಟೆಗೆ ಕಟ್ಟಿಕೊಳ್ಳಲು ಒಂದು ರಬ್ಬರ್ ಚೀಲ, ಮತ್ತು ಸ್ವಲ್ಪ ನಾಟಕ.

ಯಾರದು ಎಂಬುದೇ ಪ್ರಶ್ನೆ. ಹೆಂಡತಿಯದು ಆಗದು, ಹೆಣ್ಣಿನದೆಂದು ಲ್ಯಾಬಿನವರಿಗೆ ತಕ್ಷಣ ಗೊತ್ತಾಗುತ್ತದೆ. ಭಾವಮೈದ ಕುಡುಕ. ಗೆಳೆಯರೆಲ್ಲ ಅದೇ ಜಿಮ್ಮಿನ ಗಿರಾಕಿಗಳು, ಅವರದು ತನ್ನದಕ್ಕಿಂತ ಹೊಲಸು. ಹೀಗೆ ಒಬ್ಬೊಬ್ಬರನ್ನೇ ಬಿಡುತ್ತಾ ಬಂದಾಗ ಕಡೆಗೆ ಉಳಿದವರು ಅವನ ಸೋದರಮಾವ.

ಮಾವ ನಿವೃತ್ತ ಡ್ರಿಲ್ ಮಾಸ್ತರು. ಎಪ್ಪತ್ತರ ಹತ್ತಿರ ಬಂದಿದ್ದರೂ ಬೆನ್ನು ಬಾಗಿರಲಿಲ್ಲ. ಕಾಫಿ ಇಲ್ಲ, ಬೀಡಿ ಇಲ್ಲ, ಸಕ್ಕರೆ ಇಲ್ಲ. ಡಾಕ್ಟರುಗಳನ್ನು ಕಂಡರೆ ಮೈಯೆಲ್ಲ ಉರಿ. ಮದುವೆಮನೆಯಿರಲಿ, ಸಾವಿನ ಮನೆಯಿರಲಿ, ಅವರದು ಒಂದೇ ಭಾಷಣ: “ಹುಟ್ಟಿದಾರಭ್ಯ ಒಂದು ಮಾತ್ರೆ ನುಂಗಿದವನಲ್ಲ ನಾನು!” ಆ ಭಾಷಣ ಕೇಳಿ ಕೇಳಿ ನೆಂಟರು ಇವರನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ನಾಲ್ಕನೆಯಣ್ಣ ಮಾತ್ರ ಈಗ ಹುಡುಕಿಕೊಂಡು ಹೋದ.

“ಮಾವ, ನಿಮ್ಮಂಥ ಆರೋಗ್ಯವಂತರು ಊರಲ್ಲೇ ಇಲ್ವಂತೆ. ದೊಡ್ಡೋರು ಒಂದು ಸಂಶೋಧನೆ ಮಾಡ್ತಿದ್ದಾರೆ, ಅದಕ್ಕೆ ನಿಮ್ಮ ಮೂತ್ರ ಬೇಕಂತೆ” ಎಂದ.

ಮಾವ ಉಬ್ಬಿಹೋದರು. “ಎಷ್ಟು ಬೇಕೋ? ಒಂದು ಕೊಡ ಸಾಕೇನೋ? ಇಷ್ಟು ವರ್ಷ ಹೇಳ್ತಾನೇ ಇದೀನಿ, ಈಗ ಕಣ್ಣು ಬಿಟ್ಟರು ನೋಡು ದರಿದ್ರದವರು!”

ಒಳಗಿಂದ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. “ಅದನ್ನ ತಗೊಂಡು ಏನು ನೋಡ್ತಾರಪ್ಪಾ ಅವರು?”

“ಏನಿಲ್ಲ ಅತ್ತೆ, ಸುಮ್ಮನೆ ಒಂದು ಪರೀಕ್ಷೆ.”

“ನಿನಗ್ಯಾಕೇ ಇದೆಲ್ಲ? ಹೋಗು ಒಳಗೆ” ಎಂದು ಮಾವ ಗದರಿದರು. ಅತ್ತೆ ಏನೋ ಹೇಳಹೊರಟವರು ಸುಮ್ಮನಾಗಿ ಒಳಗೆ ಹೋದರು. ಈ ಮನೆಯಲ್ಲಿ ಅವರ ಮಾತಿಗೆ ಎಂದೂ ಬೆಲೆ ಇರಲಿಲ್ಲ, ಅಳಿಯನೂ ಕೊಡಲಿಲ್ಲ.

ಕೂಟದ ದಿನ ಬೆಳಿಗ್ಗೆ ಮಾವ ತಮ್ಮ ಕಾಣಿಕೆಯನ್ನು ಬಾಟಲಿಯಲ್ಲಿ ತುಂಬಿ, ಮುಚ್ಚಳದ ಮೇಲೆ ಬಟ್ಟೆ ಬಿಗಿದು, ಪ್ರಶಸ್ತಿ ಪ್ರದಾನ ಮಾಡುವವರ ಹಾಗೆ ಎರಡೂ ಕೈಯಿಂದ ಕೊಟ್ಟರು. ಬಾಟಲಿಯಿಂದ ಅದು ಚೀಲಕ್ಕೆ ಹೋಯಿತು, ಚೀಲ ಅಂಗಿಯೊಳಗೆ ಹೋಯಿತು. ಎಸೆತಕ್ಕೆ ಮುಂಚೆ ಅದನ್ನು ತನ್ನ ಬ್ಯಾಗಿನಲ್ಲಿ ಟವೆಲು ಸುತ್ತಿ ಬೆಚ್ಚಗೆ ಮಲಗಿಸಿದ. ಸ್ವಂತ ಮಕ್ಕಳನ್ನೂ ಅವನು ಅಷ್ಟು ಜೋಪಾನವಾಗಿ ಮಲಗಿಸಿರಲಿಲ್ಲ.

ಮಧ್ಯಾಹ್ನ ಗುಂಡು ಹಾರಿತು. ಅಬ್ಬಬ್ಬಾ, ಏನು ಹಾರಿತು! ಅಳತೆಯವನು ಟೇಪನ್ನು ಎರಡು ಸಲ ಎಳೆದು ನೋಡಿದ. ನಾಲ್ಕನೆಯಣ್ಣ ಮೊದಲನೆಯವನಾಗಿದ್ದ. ಕೊರಳಿಗೆ ಚಿನ್ನ ಬಿದ್ದಾಗ ಅವನಿಗೆ ನಿಜವಾಗಿಯೂ ಅಳು ಬಂತು. ಈ ಸಲ ಚಪ್ಪಾಳೆ ತಟ್ಟುವ ಸರದಿ ಬೇರೆಯವರದು, ಅವರು ಚೆನ್ನಾಗಿಯೇ ತಟ್ಟಿದರು. ಬಟ್ಟೆ ಬದಲಿಸುವ ನೆಪದಲ್ಲಿ ಅವನು ಚೀಲವನ್ನು ಮತ್ತೆ ಹೊಟ್ಟೆಗೆ ಕಟ್ಟಿಕೊಂಡ.

ಪರೀಕ್ಷಾ ಕೊಠಡಿಯಲ್ಲಿದ್ದ ಅಧಿಕಾರಿ ಸಂಕೋಚದ ಮನುಷ್ಯ. ಮೂತ್ರ ಬೀಳುವುದನ್ನು ಕಣ್ಣಾರೆ ನೋಡಬೇಕೆಂಬುದು ನಿಯಮ. ಪಾಪ, ಆ ನೌಕರಿಯೇ ಅವನಿಗೆ ಹಿಂಸೆ. ನಾಲ್ಕನೆಯಣ್ಣ ಬಚ್ಚಲಿನ ಗೋಡೆಗೆ ತಲೆ ಆನಿಸಿ ನರಳಿದ.

“ಸಾರ್, ನೀವು ಹಿಂಗೆ ದಿಟ್ಟಿಸಿದ್ರೆ ಬರಲ್ಲ ಸಾರ್. ಚಿಕ್ಕಂದಿನಿಂದ ನಾಚಿಕೆ ನಂಗೆ.”

“ನಂಗೇನು ಖುಷಿನೇನ್ರೀ ಇದು?” ಎಂದು ಅಧಿಕಾರಿ ಬೆವರು ಒರೆಸಿಕೊಂಡ. ಬಹಳ ಹೊತ್ತು ಕಾದ. ಕಡೆಗೆ, “ನಲ್ಲಿ ಬಿಡ್ತೀನಿ ತಡೀರಿ, ಆ ಸದ್ದಿಗೆ ಬರುತ್ತೆ” ಎಂದು ಅತ್ತ ತಿರುಗಿದ. ನಲ್ಲಿ ಸುರಿಯಿತು, ಚೀಲವೂ ಸುರಿಯಿತು.

ಆಮೇಲಿನದೆಲ್ಲ ಮದುವೆ ಶಾಸ್ತ್ರದಷ್ಟೇ ಸಾಂಗವಾಗಿ ನಡೆಯಿತು. ಎರಡು ಸೀಸೆಗಳನ್ನು ಅವನೇ ಆರಿಸಿದ, ಅವನೇ ತುಂಬಿದ, ಅವನೇ ಮೊಹರು ಬಿಗಿದ. ಕಳೆದ ವಾರದಲ್ಲಿ ಯಾವುದಾದರೂ ಮಾತ್ರೆ, ಔಷಧಿ ತೆಗೆದುಕೊಂಡಿದ್ದೀರಾ ಎಂದು ಅಧಿಕಾರಿ ಕೇಳಿದ. ನಾಲ್ಕನೆಯಣ್ಣ ಎದೆ ಸೆಟೆಸಿದ. “ಹುಟ್ಟಿದಾರಭ್ಯ ಒಂದು ಮಾತ್ರೆ ನುಂಗಿದವನಲ್ಲ ನಾನು!” ಹೇಳುವಾಗ ಒಳಗೊಳಗೇ ಎಂಥ ನಗು ಬಂತೆಂದರೆ ಕೆಮ್ಮಿ ಮುಚ್ಚಿಕೊಳ್ಳಬೇಕಾಯಿತು.

ಹಾಸ್ಟೆಲಿನವರು ಹುದ್ದೆ ಕೊಡಲು ಒಪ್ಪಿದರು. ಕೊರಳಿಗೆ ಹಾಕಿಕೊಳ್ಳಲು ಹೊಸ ಸೀಟಿಯನ್ನೂ ಕೊಂಡಾಯಿತು. ಭಾವಮೈದ ಮುಖ ಸಣ್ಣಗೆ ಮಾಡಿಕೊಂಡು ಸ್ಟೂಲು ಒಳಗಿಟ್ಟ. ಆಗ ಪರೀಕ್ಷೆಯ ಕಚೇರಿಯಿಂದ ಫೋನ್ ಬಂತು. ಸ್ಟೀರಾಯ್ಡ್ ಒಂದು ತೊಟ್ಟೂ ಇಲ್ಲ ಎಂದರು. ಇವನು ಉಸಿರು ಬಿಡುವಷ್ಟರಲ್ಲಿ ಮುಂದಿನ ಮಾತು ಬಂತು: ಸಿಕ್ಕಿರುವುದು ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಯ ಅಂಶ. ಪಟ್ಟಿ ಬಾಯಿಪಾಠವಿತ್ತಲ್ಲ, ಸ್ಟೀರಾಯ್ಡ್ ಮುಚ್ಚಿಹಾಕಲು ಕಳ್ಳರು ಬಳಸುತ್ತಾರೆಂದು ಅದನ್ನೂ ನಿಷೇಧಿಸಿದ್ದರು. ಪದಕ ವಾಪಸ್ಸು, ವರ್ಷಗಟ್ಟಲೆ ಬಹಿಷ್ಕಾರ, ಹುದ್ದೆಗೆ ತಿಲಾಂಜಲಿ. ಈ ಮಾತ್ರೆ ನಿಮ್ಮ ಮೈಗೆ ಹೇಗೆ ಬಂತು, ವಿವರಿಸಿ ಎಂದರು. ಏನೆಂದು ವಿವರಿಸುವುದು? ಮೈಯೇ ನನ್ನದಲ್ಲ ಸ್ವಾಮಿ ಎನ್ನಲೇ?

ಓಡಿದ ಮಾವನ ಮನೆಗೆ. “ಮಾತ್ರೆ? ನನ್ನ ಹೊಟ್ಟೆಲಿ? ಯಾವನೋ ಅವನು ಹೇಳಿದ್ದು, ಕರ್ಕೊಂಡು ಬಾ!” ಎಂದು ಮಾವ ಕೋಲು ಹುಡುಕತೊಡಗಿದರು. ಅವರ ಕೋಪದಲ್ಲಿ ಸುಳ್ಳಿನ ಲವಲೇಶವೂ ಇರಲಿಲ್ಲ. ತಲೆ ಕೆಟ್ಟು ಹೊರಬಿದ್ದವನನ್ನು ಗೇಟಿನ ಹತ್ತಿರ ಅತ್ತೆ ಕೈಹಿಡಿದು ನಿಲ್ಲಿಸಿದರು. ಹಿಂದೆ ತಿರುಗಿ ನೋಡಿ, ಪಿಸುದನಿಯಲ್ಲಿ, “ಕೂಗಾಡ್ಬೇಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ, ಅವರಿಗೆ ಗೊತ್ತಾದ್ರೆ ನನ್ನನ್ನ ಮನೇಲಿ ಇಟ್ಕೊಳಲ್ಲ” ಎಂದರು. “ಡಾಕ್ಟ್ರು ಬಿಪಿ ಜಾಸ್ತಿ ಇದೆ ಅಂತ ಬರ್ಕೊಟ್ಟಿದ್ದನ್ನ ಇವರು ಹರಿದು ಬಿಸಾಕಿದ್ರು ಕಣೋ. ನಂಗೆ ಗಂಡ ಬೇಕಲ್ಲಪ್ಪಾ? ಅದಕ್ಕೇ ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಮಾತ್ರೆ ಪುಡಿ ಮಾಡಿ ಅವರ ಹಾಲಿಗೆ ಹಾಕ್ತಾ ಇದೀನಿ.”