ಸೋಮವಾರ ದುಡಿಯದ ಸೇತುವೆ

ಲಾರಿಯೊಂದು ಏರಿತೆಂದರೆ ಸಾಕು, ಕೃಷ್ಣೆಯ ಮೇಲಿನ ಸೇತುವೆಯ ತಂತಿಗಳು ಗುಂಯ್‌ಗುಡುತ್ತಿದ್ದವು. ಇಂಗಳಗಡ್ಡಿಯನ್ನೂ ಸಂಗಾಪುರವನ್ನೂ ಬೆಸೆದ ಆ ಹೆದ್ದಾರಿಯನ್ನು ಎತ್ತಿ ಹಿಡಿದದ್ದು ಉಕ್ಕಲ್ಲ, ಜೀವತಂತು. ಪ್ರಯೋಗಾಲಯದಲ್ಲಿ ಹುಟ್ಟಿದ ಈ ಎಳೆಗಳು ಸವೆದರೆ ತಾವೇ ಮತ್ತೆ ಬೆಳೆಯುತ್ತಿದ್ದವು.

ಜೀವವಿದೆ ಎಂದ ಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ? ತಂತಿಗಳಿಗೆ ವಿಭೂತಿ ಬಳಿದರು. "ಸೋಮವಾರ ಎತ್ತಿಗೂ ನೊಗ ಹೂಡಂಗಿಲ್ಲ. ಇದೂ ದುಡಿಯೋ ಜೀವ ಅಲ್ಲೇನು?" ಎಂದು ಮೊದಲು ಕೇಳಿದವರು ಇಂಗಳಗಡ್ಡಿಯ ಮಲ್ಹಾರಪ್ಪ. ಅವರ ಹೆಂಡತಿ ಕಾಶವ್ವನ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಸಂಗಾಪುರಕ್ಕೆ ದಾಟಬೇಕು. ಅವಳನ್ನು ದಾಟಿಸುವ ಸೇತುವೆಯ ಮೇಲೆ ಅವರಿಗೆ ಎಲ್ಲಿಲ್ಲದ ಮಮತೆ. ಎರಡೂ ಊರು ಒಪ್ಪಿದವು. ಪ್ರತಿ ಸೋಮವಾರ ಹೆದ್ದಾರಿ ಮುಚ್ಚಿತು. ಅಧಿಕಾರಿಗಳೂ, ಭೇಷ್, ಹೂಂಗುಟ್ಟಿದರು!

ವರ್ಷ ತುಂಬುವಷ್ಟರಲ್ಲಿ ಸೇತುವೆ ಜೋಲಿತು. ಜೀವತಂತುವನ್ನು ಕಂಡುಹಿಡಿದ ವಿಜ್ಞಾನಿ ಡಾ. ಸುಲೋಚನಾ ಹಂದ್ರಾಳ ಬಂದು ಪರೀಕ್ಷಿಸಿ, ತಲೆ ಹಿಡಿದುಕೊಂಡು ಕುಳಿತರು.

"ವಾಹನಗಳ ಅದುರಾಟವೇ ಇದರ ಆಹಾರ, ಯಜಮಾನರೇ. ಅದು ಸಿಗದ ದಿನ ತನ್ನ ಎಳೆಗಳನ್ನೇ ತಿನ್ನುತ್ತದೆ. ನೀವು ಕೊಟ್ಟದ್ದು ವಿಶ್ರಾಂತಿಯಲ್ಲ. ಉಪವಾಸ ಕೆಡವಿದಿರಿ."

"ಅಯ್ಯೋ ಶಿವನ! ಮೊದಲ ಯಾಕ ಹೇಳಲಿಲ್ರೀ ಅಕ್ಕಾರ?" ಎಂದರು ಮಲ್ಹಾರಪ್ಪ.

"ಹೆದ್ದಾರಿಗೂ ಯಾರಾದರೂ ರಜೆ ಕೊಡುತ್ತಾರೆಂದು ನಮಗೆ ಹೊಳೆಯಲೇ ಇಲ್ಲ."

"ಈಗ ಗಾಡಿ ಬಿಟ್ರ ಸುಧಾರಸ್ತೈತೇನ್ರಿ?"

"ಬಿಟ್ಟರೆ ಕಡಿದುಬೀಳುತ್ತದೆ. ಜನ ಹೊರೆ ಹೊರದೆ, ದೂರದೂರವಾಗಿ ಮೆಲ್ಲಗೆ ನಡೆದಾಡಲಿ, ಹಸುಗೂಸಿಗೆ ಹಾಲು ಹನಿಸಿದ ಹಾಗೆ. ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು."

ಸೇತುವೆಯುದ್ದ ನಡೆಯುವ ಶಕ್ತಿ ಕಾಶವ್ವನಿಗಿರಲಿಲ್ಲ, ಹೊತ್ತು ದಾಟಿಸುವಂತೆಯೂ ಇರಲಿಲ್ಲ. ದೋಣಿಗಳು ಎಂದೋ ನಿಂತುಹೋಗಿದ್ದವು. ಬಳಸುದಾರಿ ಹಿಡಿದರೆ ಅರ್ಧ ದಿನ. ಹಾಗೆ ಎರಡು ಸಲ ಹೋಗಿಬಂದು ಕಾಶವ್ವ ಹಾಸಿಗೆ ಹಿಡಿದಳು. ಇನ್ನು ಹೋಗಲಾರೆ ಎಂದಳು. ಮಲ್ಹಾರಪ್ಪ ಅವಳ ಕಾಲ ಬಳಿ ಕುಳಿತು ಅತ್ತುಬಿಟ್ಟರು. "ನಾನ ನಿನ್ನ ಕೊಂದೆ."

"ಸುಮ್ಮನಿರ್ರಿ. ನಂದಂತೂ ಮುಗೀತು. ನಾಳೆ ಇನ್ನೊಬ್ಬಾಕಿ ದಾಟಬೇಕಲ್ಲ? ಹೋಗ್ರಿ, ನಡದಾಡಿ ಬರ್ರಿ."

ಅವರು ದಿನವೂ ನಡೆದರು. ಊರೂ ನಡೆಯಿತು. ತಂತಿಗಳು ತುಸುತುಸುವೇ ಬಿಗಿಯತೊಡಗಿದವು. ಒಂದು ಮಧ್ಯಾಹ್ನ ಮಲ್ಹಾರಪ್ಪ ಸೇತುವೆಯ ನಡುವಿದ್ದಾಗ ಇಂಗಳಗಡ್ಡಿಯ ದಡದಿಂದ ಯಾರೋ ಕೂಗಿದರು: "ಕಾಶವ್ವಗ ಮೇಲುಸಿರು ಹತ್ತೈತಿ, ಲಗೂನ ಬರ್ರಿ!"

ಅವರು ಓಡಲು ಹೊರಟರು. ಸೇತುವೆಯ ಕಾವಲುಗಾರ ಕಣ್ಣೀರು ಹಾಕುತ್ತಲೇ ಎರಡೂ ಕೈಯಿಂದ ಅವರನ್ನು ತಡೆದ. "ಓಡಬ್ಯಾಡ್ರಿ ಅಜ್ಜಾರ, ಇನ್ನೂ ತಾಳಂಗಿಲ್ಲ ಇದು. ಮ್ಯಾಲ ಮಂದಿ ಅದಾರ."

ಮಲ್ಹಾರಪ್ಪ ಒಂದೊಂದೇ ಹೆಜ್ಜೆ ಇಡುತ್ತ ನಡೆದರು. ಅವರು ಮನೆ ಮುಟ್ಟುವಷ್ಟರಲ್ಲಿ ಕಾಶವ್ವನ ಮುಖಕ್ಕೆ ಸೀರೆ ಹೊದಿಸಿದ್ದರು.