ಹೊಳೆಗೆ ಮುಖ ಮಾಡಿದ ಬಾಗಿಲು

ಅವನು ನನ್ನನ್ನು ಮೊದಲು ಕರೆದದ್ದೇ 'ಬು' ಎಂದು. ಗಂಡ ಮಕ್ಕಳು ಇರುವ ಹೆಂಗಸರನ್ನು ಕರೆಯುವ ಮಾತು ಅದು. ನನಗೆ ಇಪ್ಪತ್ತೆಂಟು, ಎರಡೂ ಇರಲಿಲ್ಲ. ಜೋಗ್ಜಾ ಊರಿನ ನಮ್ಮ ಗಾಯಂ ಹೊಳೆಯ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಕಲ್ಲು ಮಗುಚುತ್ತಿದ್ದೆ.

"ಬು, ಏನ್ ಕಳ್ಕೊಂಡ್ರಿ ಅಲ್ಲಿ?" ದಡದ ಮೇಲಿಂದ ಗಂಡಸಿನ ದನಿ.

"ಹತ್ತು ವರ್ಷ," ಎಂದೆ ತಲೆ ಎತ್ತದೆ. "ನೀವು ಬು ಅಂದ್ರಲ್ಲ, ಆಗ್ಲೇ ಹೋಯ್ತು."

ಆಮೇಲೆ ತಲೆ ಎತ್ತಿದೆ. ನೋಡಿದರೆ, ಹೆಲ್ಮೆಟ್ ಹಾಕಿದ ಮನುಷ್ಯನೊಬ್ಬ ಒಂದು ಕೈಯಲ್ಲಿ ಅಳತೆ ಕೋಲು, ಇನ್ನೊಂದರಲ್ಲಿ ಕೆಂಪು ಬಣ್ಣದ ಡಬ್ಬಿ ಹಿಡಿದು ನಿಂತಿದ್ದ. ಅವನ ಕಿವಿಗಳಿಗೂ ಆ ಡಬ್ಬಿಗೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಕ್ಷಮಿಸಿ ಮ್ಬಾಕ್, ಎಂದು ತಿದ್ದಿಕೊಂಡ. ಮ್ಬಾಕ್ ಎಂದರೆ ಬರೀ ಅಕ್ಕ, ಅದು ನಡೆಯುತ್ತದೆ. ಆಮೇಲೆ ಬೂಟು ಬಿಚ್ಚದೆಯೇ ನೀರಿಗಿಳಿದ.

ಕಲ್ಲಿನ ಅಡಿ ತೋರಿಸಿದೆ. ಅಕ್ಕಿಕಾಳಿನಷ್ಟು ಹುಳು, ಹಿಂದೆ ಕೂದಲೆಳೆಯಂಥ ಮೂರು ಬಾಲ. ಇದು ಇದ್ದರೆ ಹೊಳೆಗೆ ಜೀವ ಇದೆ, ಇಲ್ಲದಿದ್ದರೆ ಅದು ಚರಂಡಿ. ನನಗೆ ಇದನ್ನು ಯಾವ ಕಾಲೇಜೂ ಕಲಿಸಲಿಲ್ಲ. ಒಮ್ಮೆ ನಮ್ಮ ಕೇರಿಗೆ ಬಂದ ವಿದ್ಯಾರ್ಥಿಗಳು ಬಿಟ್ಟುಹೋದ ಚಿತ್ರದ ಹಾಳೆ ನೋಡಿ ಕಲಿತೆ. ಶುಕ್ರವಾರಕ್ಕೊಮ್ಮೆ ಹತ್ತು ಕಲ್ಲು ಮಗುಚಿ ಎಣಿಸುತ್ತೇನೆ. ದಡದ ಒರತೆಯ ನೀರು ಹೊಳೆಗೆ ಬೀಳುವಲ್ಲಿ ಮಾತ್ರ ಸಿಗುತ್ತವೆ, ಬೇರೆಲ್ಲೂ ಇಲ್ಲ.

ಅವನು ಕಲ್ಲನ್ನು ಕಣ್ಣಿನ ಹತ್ತಿರಕ್ಕೆ ಹಿಡಿದ. ರೆಪ್ಪೆ ತುಂಬ ಉದ್ದ. ಹುಳು ಎಣಿಸಬೇಕಾದ ನಾನು ಅದನ್ನೇ ನೋಡುತ್ತಿದ್ದೆ.

"ಎಷ್ಟಾಯ್ತು ಇವತ್ತು?"

"ಏಳು."

"ನಾನು ತುಳಿದಿದ್ದೂ ಸೇರಿಸಿ?"

"ನಿಮ್ಮ ಬೂಟಿನ ಕೆಳಗಿಂದು ನೀವೇ ಎಣಿಸ್ಕೊಳ್ಳಿ."

ಆಗ ನಕ್ಕ. ಹದಿನೇಳನೇ ನಂಬರಿನ ಮನೆ ಎಲ್ಲಿ ಎಂದು ಕೇಳಿದ. ನಾನೇ ಮುಂದೆ ನಡೆದು ದಾರಿ ತೋರಿಸಿದೆ. ಮನೆ ನನ್ನದೇ. ಅದರ ಗೋಡೆಯ ಮೇಲೆ ಅವನು ಕೆಂಪು ಬಣ್ಣದಲ್ಲಿ ದೊಡ್ಡ ಕತ್ತರಿ ಗುರುತು ಎಳೆದ. ದಡದ ಹನ್ನೆರಡು ಮನೆಗಳಿಗೂ ಎಳೆದ.

ಮರುವಾರ ಕಚೇರಿಯವರು ಕೇರಿಯ ಸಭಾಮಂಟಪದಲ್ಲಿ ಸಭೆ ಕರೆದರು. ಹಾಜರಿ ಹಾಳೆಗೆ ಸಹಿ ಹಾಕಿದವರಿಗೆಲ್ಲ ಒಂದೊಂದು ತಿಂಡಿ ಡಬ್ಬಿ. ಅದರಲ್ಲಿ ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿ, ಕರಿದ ಸುರುಳಿ, ಒಂದು ಹಸಿಮೆಣಸಿನಕಾಯಿ. ಹಾಳೆ ಹಿಡಿದು ಸಾಲಿನಿಂದ ಸಾಲಿಗೆ ಬಂದವನು ಅವನೇ. ಹೆಸರು ಅರ್ಷದ್, ಬೋರ್ನಿಯೋ ಕಡೆಯ ಬಂಜರ್‌ಮಾಸಿನ್‌ನವನು, ಕಚೇರಿಯಲ್ಲಿ ಗುತ್ತಿಗೆಯ ಇಂಜಿನಿಯರ್ ಎಂದು ಆಗ ತಿಳಿಯಿತು.

ಪರದೆಯ ಮೇಲೆ ನಕ್ಷೆ ಮೂಡಿತು. ಪ್ರವಾಹ ತಡೆಯಲು ಎರಡೂ ದಡಕ್ಕೆ ನಾಲ್ಕು ಮೀಟರ್ ಕಾಂಕ್ರೀಟ್ ಗೋಡೆ, ಗೋಡೆಯ ಬೆನ್ನಿಗೆ ರಸ್ತೆ. ಹನ್ನೆರಡು ಮನೆಯವರು ಊರಾಚೆಯ ಬಾಡಿಗೆ ಫ್ಲಾಟಿಗೆ. ನಮ್ಮ ಕೇರಿಯ ಮುಖ್ಯಸ್ಥರು ಪಾಕ್ ಮುಜಿರಾನ್, ಪಾಕ್ ಎಂದರೆ ದೊಡ್ಡವರಿಗೆ ಹೇಳುವ 'ಅಪ್ಪ'. ಸೈಕಲ್ ಪಂಕ್ಚರ್ ಹಾಕುವ ಹಿರಿಯರು, ಇರುವೆಯನ್ನೂ ನೋಯಿಸದವರು. ಎಲ್ಲದಕ್ಕೂ ತಲೆ ಅಲ್ಲಾಡಿಸುತ್ತ ಕೂತಿದ್ದರು. ಜೋಗ್ಜಾದ ನಮ್ಮ ಜನರ ರೋಗ ಇದು. 'ಬೇಡ' ಎನ್ನುವುದನ್ನು ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳುತ್ತೇವೆ.

ಅಮ್ಮ ಅಂಗಿಯ ಚುಂಗು ಹಿಡಿದು ಜಗ್ಗುತ್ತಿದ್ದರೂ ನಾನು ಎದ್ದು ನಿಂತೆ. ಈ ನಕ್ಷೆಯಲ್ಲಿ ನಮ್ಮ ಒರತೆ ಎಲ್ಲಿದೆ, ಎಂದು ಕೇಳಿದೆ. ಇರಲಿಲ್ಲ. ಒರತೆಯ ಮೇಲೆ ಬಾಗಿ ನಿಂತ ನೂರು ವರ್ಷದ ಗಾಯಂ ಮರವೂ ಇರಲಿಲ್ಲ. ಕಚೇರಿಯ ದೊಡ್ಡ ಸಾಹೇಬರು, ಸಣ್ಣಪುಟ್ಟದ್ದು ಆಮೇಲೆ ನೋಡೋಣ ಎಂದರು. ಅರ್ಷದ್ ಮಾತ್ರ ನಕ್ಷೆಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ನಕ್ಷೆಯನ್ನು ನೋಡಿದ.

ಮರುದಿನ ಬೆಳಿಗ್ಗೆ ಏಳಕ್ಕೆ ಅವನು ನನ್ನ ಹೋಟೆಲಿನಲ್ಲಿದ್ದ. ಹೋಟೆಲ್ ಎನ್ನುವುದು ದೊಡ್ಡ ಮಾತು. ಓಣಿಯ ಕಡೆ ಎರಡು ಬೆಂಚು, ಹಿಂದೆ ಹೊಳೆಯ ಮೇಲಕ್ಕೆ ಚಾಚಿಕೊಂಡ ಅಡುಗೆಮನೆ. ಬೇಯಿಸಿದ ಸೊಪ್ಪಿನ ಮೇಲೆ ಕಡಲೆಕಾಯಿ ಚಟ್ನಿ ಸುರಿದು, ಹುದುಗಿಸಿದ ಸೋಯಾಕಾಳಿನ ತೆಂಪೆ ಕರಿದು ಇಟ್ಟು ಕೊಡುತ್ತೇನೆ. ಪೆಚೆಲ್ ಎಂದರೆ ಇಷ್ಟೇ, ಆದರೆ ನನ್ನದಕ್ಕೆ ಮೇಲಿನ ಪೇಟೆಯಿಂದ ಜನ ಬರುತ್ತಾರೆ.

ಖಾರ ಎಷ್ಟು ಹಾಕಲಿ ಎಂದೆ.

"ನಿಮ್ಮ ಸಿಟ್ಟಿಗಿಂತ ಒಂಚೂರು ಕಮ್ಮಿ."

ಹತ್ತು ಮೆಣಸಿನಕಾಯಿ ಅರೆದೆ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿದ್ದರೂ ತಟ್ಟೆ ಖಾಲಿ ಮಾಡಿದ. ಮರುದಿನವೂ ಬಂದ. ಎರಡು ತಿಂಗಳು ಬಂದ.

ಬಕೆಟ್ಟು ಇಟ್ಟು ಒರತೆಯ ನೀರು ಅಳೆದ. ಹಳೆಯ ಪ್ರವಾಹಗಳು ಎಲ್ಲಿಯವರೆಗೆ ಬಂದಿದ್ದವು ಎಂದು ಮನೆಮನೆಯ ಅಜ್ಜಿಯರನ್ನು ಕೇಳಿ ಬರೆದುಕೊಂಡ. ಶುಕ್ರವಾರದ ಹತ್ತು ಕಲ್ಲುಗಳಲ್ಲಿ ಐದು ಅವನ ಪಾಲಿಗೆ ಹೋದವು. ಒಂದೇ ಕಲ್ಲಿನ ಅಡಿಯಲ್ಲಿ ನಮ್ಮಿಬ್ಬರ ಬೆರಳು ಸಿಕ್ಕಿದ್ದೂ ಉಂಟು. ಆ ಕಲ್ಲನ್ನು ಎತ್ತುವುದು ಮಾತ್ರ ಯಾಕೋ ಇಬ್ಬರಿಗೂ ತಡವಾಗುತ್ತಿತ್ತು. ಹೊಳೆ ಅಳೆಯೋಕೆ ಬರುವವನು ತಲೆ ಬಾಚಿಕೊಂಡು ಯಾಕೆ ಬರುತ್ತಾನೆ ಎಂದು ಅಮ್ಮ ತೆಂಪೆಯನ್ನು ಕೇಳುತ್ತಿದ್ದಳು, ನನಗೆ ಕೇಳಿಸುವ ಹಾಗೆ.

"ನಮ್ಮೂರಲ್ಲಿ ಮುಂಬಾಗಿಲು ನದಿ ಕಡೆಗೇ," ಎಂದು ಒಂದು ದಿನ ಹೇಳಿದ. "ನೆಂಟರು ದೋಣೀಲಿ ಬರ್ತಾರೆ. ನೀವಿಲ್ಲಿ ಹೊಳೆಗೆ ಬೆನ್ನು ತೋರಿಸ್ಕೊಂಡು ಕೂತಿರ್ತೀರಿ, ಆಮೇಲೆ ಹಿಂದಿನಿಂದ ಹೊಡೀತು ಅಂತ ಅಳ್ತೀರಿ."

ಸೆಪ್ಟೆಂಬರಿನಲ್ಲಿ ಅವನು ತಾನೇ ಪೆನ್ಸಿಲಿನಲ್ಲಿ ಬರೆದ ಇನ್ನೊಂದು ನಕ್ಷೆ ತಂದ. ಗೋಡೆ ಇಲ್ಲ. ಗೋಡೆ ಕಟ್ಟಿದರೆ ನೀರು ಇನ್ನೂ ಜೋರಾಗಿ ಓಡಿ ಕೆಳಗಿನ ಕೇರಿಯನ್ನು ಮುಳುಗಿಸುತ್ತದೆ. ಜಾಗ ಕೊಟ್ಟರೆ ಇಲ್ಲೇ ಹರಡಿ ನಿಧಾನವಾಗುತ್ತದೆ ಎಂದ. ದಡದಲ್ಲಿ ಮೂರು ಮೀಟರ್ ಬಯಲು, ಕಲ್ಲಿನ ಮೆಟ್ಟಿಲು, ಬಿದಿರು. ಒರತೆ ಇತ್ತು, ಮರ ಇತ್ತು, ಹನ್ನೆರಡು ಮನೆಗಳೂ ಇದ್ದವು. ನನ್ನ ಮುಖ ಅರಳಿದ್ದನ್ನು ಅವನು ನೋಡಿದ. ಆಮೇಲೆ ಮುದುಡಿದ್ದನ್ನೂ ನೋಡಿದ.

"ಈ ಗೆರೆ ನನ್ನ ಒಲೆ ಮೇಲೆ ಹೋಗಿದೆ."

"ಹೌದು. ಪ್ರತಿ ಮನೆಯಿಂದ ಮೂರು ಮೀಟರ್. ನಿಮ್ಮದ್ರಲ್ಲಿ ಅದು ಅಡುಗೆಮನೆ."

ಅಪ್ಪ ತೀರಿ ಆರು ವರ್ಷ. ಆ ಅಡುಗೆಮನೆಯ ಅಡಿಪಾಯದ ಒಂದೊಂದು ಕಲ್ಲನ್ನೂ ಅವರು ಹೆಗಲ ಮೇಲೆ ಹೊತ್ತು ತಂದಿದ್ದರು. ಅದನ್ನು ಹೇಳಿದೆ. 

"ಎಲ್ಲಿಂದ ಹೊತ್ಕೊಂಡ್ ಬಂದ್ರು, ಪಾಲುಪಿ? ಹೊಳೆಯಿಂದ ತಾನೆ?"

ಮೊದಲ ಸಲ ಬರೀ ಹೆಸರು ಹಿಡಿದು ಕರೆದಿದ್ದ. ಅದಕ್ಕೆ ಈ ಮಾತೇ ಬೇಕಾಗಿತ್ತೇ? ಅವನ ಮುಂದಿನ ತಟ್ಟೆ ಕಿತ್ತುಕೊಂಡೆ. ನಿಮ್ಮ ಸಾಹೇಬರು ಮನೆ ಕೇಳಿದರು, ನೀವು ಒಲೆ ಕೇಳುತ್ತೀರಿ, ನಾನು ಯಾರಿಗೂ ಒಂದು ಗೇಣು ಬಿಡುವುದಿಲ್ಲ ಎಂದೆ. ಅವನು ಎದ್ದು ಹೋದ. ನಕ್ಷೆಯನ್ನು ಬೆಂಚಿನ ಮೇಲೆ ಬಿಟ್ಟುಹೋದ. ಹರಿದು ಒಲೆಗೆ ಹಾಕಬೇಕೆಂದು ಎತ್ತಿಕೊಂಡವಳು ಸಕ್ಕರೆ ಡಬ್ಬಿಯ ಹಿಂದೆ ಇಟ್ಟೆ.

ಅದೇ ವಾರ ಪಾಕ್ ಮುಜಿರಾನ್ ಒಂದು ಜೆರಾಕ್ಸ್ ಪ್ರತಿ ಹಿಡಿದು ಬಂದರು.  ಕಚೇರಿಯ ಗೋಡೆ ಯೋಜನೆ. ಅದರ ಕೊನೆಗೆ 'ನಿವಾಸಿಗಳ ಒಪ್ಪಿಗೆ' ಎಂದು ಬರೆದ ಹಾಳೆ, ಕೆಳಗೆ ನಮ್ಮ ನಲವತ್ತಮೂರು ಸಹಿ. ತಿಂಡಿ ಡಬ್ಬಿ ಇಸಿದುಕೊಳ್ಳುವಾಗ ಹಾಕಿದ ಸಹಿ. ತಲೆಬರಹ ಮಾತ್ರ ಹೊಸದು. ಅಂತಿಮ ಸಭೆಗೆ ಹನ್ನೊಂದು ದಿನ ಉಳಿದಿತ್ತು.

ಮಧ್ಯಾಹ್ನ ಅರ್ಷದ್ ತಾನಾಗಿಯೇ ಬಂದ. ಕೂರಲಿಲ್ಲ.

"ಆ ಹಾಳೆ ಹಂಚಿದ್ದು ನಾನು. ಹೀಗೆ ಮಾಡ್ತಾರೆ ಅಂತ ಗೊತ್ತಿರ್ಲಿಲ್ಲ."

"ಈಗ ಗೊತ್ತಾಯ್ತಲ್ಲ. ಏನ್ ಮಾಡ್ತೀರಿ?"

ಅವನ ಗುತ್ತಿಗೆ ಮುಂದುವರಿಯಬೇಕಾದರೆ ಅದೇ ದೊಡ್ಡ ಸಾಹೇಬರ ಸಹಿ ಬೇಕು. ಕೆಲಸ ಕಳಕೊಂಡು ಊರಿಗೆ ಹೋದರೆ ತಾಯಿಯ ಮುಂದೆ ಏನು ಹೇಳಬೇಕು ಎನ್ನುವುದೂ ಅವನ ಮುಖದಲ್ಲಿ ಕಾಣುತ್ತಿತ್ತು. ಕನಿಕರ ಬಂತು. ಬಂದ ಕನಿಕರವನ್ನು ನುಂಗಿಕೊಂಡೆ.

"ಯೋಚ್ನೆ ಮಾಡಿ. ಸಭೆ ದಿನ ಹೇಳಿ. ಅಲ್ಲಿವರೆಗೂ ಈ ಬೆಂಚಿಗೆ ಬರ್ಬೇಡಿ, ತೆಂಪೆ ಚೂರೂ ಸಿಗಲ್ಲ."

ಸಂಜೆ ಕೇರಿಯ ಹೆಂಗಸರೆಲ್ಲ ನನ್ನ ಬೆಂಚಿನ ಸುತ್ತ ಸೇರಿದರು. ಗೋಡೆ ಬೇಡ ಎನ್ನುವುದಕ್ಕೆ ಎಲ್ಲರೂ ಸಿದ್ಧ. ಹಾಗಾದರೆ ಮಳೆಗಾಲದ ನೀರಿಗೆ ಜಾಗ ಎಲ್ಲಿ ಎಂದು ಕಚೇರಿಯವರು ಕೇಳಿದರೆ? ಅಲ್ಲಿಗೆ ಒಬ್ಬೊಬ್ಬರೇ ಎದ್ದು ಮನೆಗೆ ಹೊರಟರು. ಅವರು ಹೋದ ಮೇಲೆ ಅಮ್ಮ ಸೊಪ್ಪು ಬಿಡಿಸುತ್ತ ಹೇಳಿದಳು.

"ಮೆರಾಪಿ ಬೆಟ್ಟದ ಮೇಲೆ ಮೋಡ ಕಪ್ಪಾದಾಗೆಲ್ಲ ನಿಮ್ಮಪ್ಪ ಆ ಕಿಟಕೀಲಿ ನಿಂತು ಹೊಳೆ ಹತ್ರ ಮಾತಾಡ್ತಿದ್ರು. ನಿನ್ ಜಾಗದಲ್ಲಿ ನಿಂತಿದ್ದೀನಿ, ಇವತ್ತೊಂದಿನ ತಡ್ಕೋ ಅಂತ. ಅವ್ರಿಗೆ ಗೊತ್ತಿತ್ತು ಕಣೆ."

ಭಾನುವಾರ ಬೆಳಿಗ್ಗೆ ನಾನು ಹಾರೆ ಹಿಡಿದೆ.

ಮೊದಲ ಏಟಿಗೆ ಕಿಟಕಿ ಬಿತ್ತು. ಎರಡನೆಯದಕ್ಕೆ ಅಳು ಬಂತು. ಮೂರನೆಯ ಏಟು ಅಳುತ್ತಲೇ ಹಾಕಿದೆ. ಜನ ಓಡಿ ಬಂದರು. ತಲೆ ಕೆಟ್ಟಿತೇ ಎಂದು ಕೇಳಿದವರಿಗೆ ಸಕ್ಕರೆ ಡಬ್ಬಿಯ ಹಿಂದಿನ ನಕ್ಷೆ ತೋರಿಸಿದೆ.

"ಹೊಳೇದು ಹೊಳೆಗೆ ಕೊಡ್ತೀನಿ, ನನ್ ಕೈಯಿಂದ್ಲೇ," ಎಂದೆ. "ನಮ್ದು ಮಾತ್ರ ಯಾರಿಗೂ ಕೊಡಲ್ಲ. ಜಾಗ ಇಲ್ಲ ಅಂತ ಇನ್ಯಾರು ಹೇಳ್ತಾರೋ ಬರ್ಲಿ."

ಪಾಕ್ ಮುಜಿರಾನ್ ತಮ್ಮ ಹಿತ್ತಿಲ ಗೋಡೆಯನ್ನು ಬಹಳ ಹೊತ್ತು ನೋಡಿದರು, ಆಮೇಲೆ ಸುತ್ತಿಗೆ ತಂದರು. ಮಧ್ಯಾಹ್ನದ ಹೊತ್ತಿಗೆ ಏಳು ಮನೆಗಳಲ್ಲಿ ಏಟು ಕೇಳುತ್ತಿತ್ತು. ಬುಧವಾರದ ಹೊತ್ತಿಗೆ ಹನ್ನೊಂದು. ಹನ್ನೆರಡನೆಯವನು ಬಚ್ಚಲುಮನೆ ಬಿಡುವುದಿಲ್ಲ ಎಂದು ಹಟ ಹಿಡಿದ; ಅವನ ಹೆಂಡತಿ ಅವನು ಒಳಗಿದ್ದಾಗಲೇ ಬಾಗಿಲು ಕಿತ್ತಳು. ಅಪ್ಪನ ಕಲ್ಲುಗಳನ್ನು ಒರತೆಯಿಂದ ಸ್ವಲ್ಪ ಕೆಳಗೆ ಹೊಳೆಗೇ ಉರುಳಿಸಿದೆವು. ಹೊಸ ಗೋಡೆಯಲ್ಲಿ ಹೊಳೆಯ ಕಡೆಗೆ ಬಾಗಿಲು ಇಟ್ಟೆ.

ಅಂತಿಮ ಸಭೆಯಲ್ಲೂ ಹಾಜರಿ ಹಾಳೆ ಬಂತು, ತಿಂಡಿ ಡಬ್ಬಿ ಬಂತು. ನಲವತ್ತಮೂರು ಜನವೂ ಸಹಿಯ ಪಕ್ಕದಲ್ಲಿ ಅವರವರ ಅಕ್ಷರದಲ್ಲಿ ಬರೆದರು: ಬಂದಿದ್ದೇವೆ, ಒಪ್ಪಿಲ್ಲ. ಡಬ್ಬಿ ಒಬ್ಬರೂ ಬಿಚ್ಚಲಿಲ್ಲ. ಒಬ್ಬೊಬ್ಬರಾಗಿ ಹೋಗಿ ದೊಡ್ಡ ಸಾಹೇಬರ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟೆವು, ಅವರ ಮುಖ ಮರೆಯಾಗುವಷ್ಟು. ಕೊನೆಯದನ್ನು ಇಟ್ಟವರು ಪಾಕ್ ಮುಜಿರಾನ್, ನಡು ಬಗ್ಗಿಸಿ, ಬಹಳ ವಿನಯದಿಂದ.

"ತಪ್ಪು ತಿಳ್ಕೋಬೇಡಿ ಪಾಕ್. ಹೋದ ಸಲ ತಿಂದಿದ್ದೇ ಇನ್ನೂ ಜೀರ್ಣ ಆಗಿಲ್ಲ."

ಆ ನಗು ಅಡಗುವ ಮೊದಲೇ ಅರ್ಷದ್ ಎದ್ದು ನಿಂತ.

"ಹೋದ ಸಲ ಹಾಳೆ ಹಂಚಿದವನು ನಾನು. ಅದು ಹಾಜರಿ ಹಾಳೆ. ಒಪ್ಪಿಗೆ ಇವರು ಕೊಟ್ಟಿಲ್ಲ, ನಾವು ಕೇಳೂ ಇಲ್ಲ. ನನ್ನ ಹೆಸರು ಹಾಕಿ ಬರ್ಕೊಳ್ಳಿ."

ನನ್ನ ಕಡೆ ನೋಡಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

ಕಡತ ವಾಪಸ್ಸು ಹೋಯಿತು. ನಮಗೆ ಒಂದು ಮಳೆಗಾಲದ ಗಡುವು ಸಿಕ್ಕಿತು: ಒಂದು ಮನೆಗೆ ನೀರು ನುಗ್ಗಿದರೂ ಗೋಡೆ ಏಳುತ್ತದೆ. ಆ ಸಂಜೆಯೇ ಅವನ ಗುರುತಿನ ಚೀಟಿ ಕಸಿದುಕೊಂಡರು. ಮರುದಿನ ಅವನು ಊರಿಗೆ ಹೋದ ಎಂದು ಪಾಕ್ ಮುಜಿರಾನ್ ಹೇಳಿದರು. ನನಗೆ ಒಂದು ಮೆಸೇಜೂ ಇಲ್ಲ. ನಾನೂ ಕಳಿಸಲಿಲ್ಲ. ಬೆಂಚಿಗೆ ಬರಬೇಡಿ ಎಂದವಳು ನಾನೇ ಅಲ್ಲವೇ. ಹಾಗಂತ ಅಷ್ಟು ವಿಧೇಯನಾಗಬೇಕೇ?

ನವೆಂಬರಿನ ಕೊನೆಗೆ, ಒಂದು ಗುರುವಾರ ಮಧ್ಯಾಹ್ನ, ಮೆರಾಪಿ ಕಾಣದಾಯಿತು. ಮೂರು ಗಂಟೆಗೆ ಹೊಳೆ ಕಾಫಿ ಬಣ್ಣಕ್ಕೆ ತಿರುಗಿ ಎದ್ದಿತು. ನಾವು ಕಟ್ಟಿದ ಮೆಟ್ಟಿಲು ಹತ್ತಿತು, ನೆಟ್ಟ ಬಿದಿರು ಬಗ್ಗಿಸಿತು, ನನ್ನ ಒಲೆ ಇದ್ದ ಜಾಗದಲ್ಲೆಲ್ಲ ಓಡಾಡಿತು. ಹೊಸ್ತಿಲಿಗೆ ಒಂದು ಗೇಣು ಉಳಿದಿದೆ ಎನ್ನುವಾಗ ನಿಂತಿತು. ನಾನು ಬಾಗಿಲಲ್ಲಿ ನಿಂತು ಅದರ ಮುಖವನ್ನೇ ನೋಡುತ್ತಿದ್ದೆ. ಐದಕ್ಕೆ ಇಳಿಯಿತು. ಹನ್ನೆರಡರಲ್ಲಿ ಒಂದು ಹೊಸ್ತಿಲೂ ಒದ್ದೆಯಾಗಲಿಲ್ಲ.

ಮರುದಿನ ಶುಕ್ರವಾರ. ನೀರು ಇನ್ನೂ ಮಬ್ಬಾಗಿತ್ತು. ಬಗ್ಗಿ ಕಲ್ಲು ಮಗುಚುತ್ತಿದ್ದೆ.

"ಮ್ಬಾಕ್, ಏನ್ ಕಳ್ಕೊಂಡ್ರಿ ಅಲ್ಲಿ?"

ತಲೆ ಎತ್ತುವುದಕ್ಕೆ ಧೈರ್ಯ ಬೇಕಾಯಿತು.

"ಎರಡು ತಿಂಗಳು," ಎಂದೆ.

ಮತ್ತೆ ಬೂಟಿನ ಸಮೇತ ಇಳಿದು ಬಂದ. ಮಳೆಯ ಸುದ್ದಿಗೆ ಪಾಕ್ ಮುಜಿರಾನ್‌ಗೆ ಫೋನ್ ಮಾಡಿದನಂತೆ, ಬೆಳಗಿನ ವಿಮಾನ ಹತ್ತಿದನಂತೆ.

"ಕೆಲಸ?"

"ಇಲ್ಲ."

"ನಾಚಿಕೆ?"

"ಅದೂ ಇಲ್ಲ."

ಇಬ್ಬರೂ ಸೇರಿ ಒಂದು ದೊಡ್ಡ ಕಲ್ಲು ಎತ್ತಿದೆವು. ಅಪ್ಪನದು, ಸುಣ್ಣದ ಗುರುತು ಇನ್ನೂ ಹೋಗಿರಲಿಲ್ಲ. ಅಡಿಯಲ್ಲಿ ಮೂರು ಬಾಲದ ಹುಳು ಎರಡಿದ್ದವು. ಒರತೆಯಿಂದ ಈಚೆಗೆ ನಾನು ಅವನ್ನು ಕಂಡದ್ದು ಅದೇ ಮೊದಲು.

"ನೋಡು," ಎಂದೆ. 'ನೋಡಿ' ಎನ್ನಲು ಮರೆತೇ ಹೋಯಿತು. ಅವನು ನೋಡಿದ್ದು ನನ್ನನ್ನು.

ಆಮೇಲೆ ಮೆಟ್ಟಿಲು ಹತ್ತಿ, ನಾನು ಪಕ್ಕದಲ್ಲೇ ಇದ್ದರೂ ನನ್ನ ಮನೆಯ ಬಾಗಿಲು ತಟ್ಟಿದ. ಹೆಣ್ಣು ಕೇಳುವವರು ಅವನ ಊರಿನಲ್ಲಿ ನೀರಿನ ಕಡೆಯ ಬಾಗಿಲಿಗೇ ಬರುತ್ತಾರಂತೆ. ಅಮ್ಮ ಬಾಗಿಲು ತೆಗೆದು ಅವನ ಒದ್ದೆ ಬೂಟಿನಿಂದ ಬಾಚಿದ ತಲೆಯವರೆಗೂ ನೋಡಿದಳು.

"ಬರೀ ಬಂದಿದ್ದೀಯೋ, ಒಪ್ಪಿ ಬಂದಿದ್ದೀಯೋ?"

"ಒಪ್ಪಿ ಬಂದಿದ್ದೀನಿ, ಬು."

ಅಮ್ಮ ನನ್ನ ಕಡೆ ತಿರುಗಿದಳು.

"ನಾನು ಸದ್ಯಕ್ಕೆ ಹಾಜರಿ ಅಷ್ಟೇ," ಎಂದೆ. "ಸಹಿ, ಅಡುಗೆಮನೆ ಕಟ್ಟಿ ಕೊಟ್ಮೇಲೆ."

"ಎಲ್ಲಿ ಕಟ್ಲಿ?" ಅವನು ಆಗಲೇ ಅಂಗಿಯ ತೋಳು ಮಡಚುತ್ತಿದ್ದ.

"ಮೂರು ಮೀಟರ್ ಹಿಂದಕ್ಕೆ."

ಇಷ್ಟು ಬಿಗುಮಾನದಿಂದ ಹೇಳಿದೆ ನಿಜ. ಆದರೆ ಆಗ ಅವನ ಒದ್ದೆ ಬೆರಳುಗಳು ನನ್ನ ಬೆರಳುಗಳ ನಡುವೆ ಇದ್ದವು, ಕಲ್ಲಿನ ನೆಪ ಯಾವುದೂ ಇಲ್ಲದೆ.